ಬೆಟ್ಟದ ಬುಡದ ಹದಿನಾಲ್ಕು ಮನೆ

ಯಲಹಂಕದಿಂದ ಬೈಕ್ ಹತ್ತಿ ನಂದಿ ಬೆಟ್ಟದ ಸಾಲಿನ ಬುಡಕ್ಕೆ ಹೋಗಿ, ಹಳ್ಳಿಗಳ ಹಾಲಿನ ಡೈರಿ ನೋಡಿಕೊಂಡು ಬರುವುದು ನನ್ನ ಕೆಲಸ. ಹೋಗುವಾಗ ನಾನು ಸೂಪರ್‌ವೈಸರ್. ಬರುವಾಗ ಏನಾಗಿರುತ್ತೇನೆ ಎಂಬುದು ಅಲ್ಲಿ ಎದುರಿಗೆ ಸಿಕ್ಕವರ ಕೈಲಿದೆ. ವಾರಕ್ಕೊಂದು ಸಲವಾದರೂ ಹೀಗೆ ಆಗುತ್ತದೆ.

ಅದರಲ್ಲೂ ಒಂದು ಹಳ್ಳಿ. ಹದಿನಾಲ್ಕೇ ಮನೆ, ಹೆಂಗಸರೇ ನಡೆಸುವ ಡೈರಿ. ಇಷ್ಟು ಕಮ್ಮಿ ಹಾಲಿಗೆ ವ್ಯಾನ್ ಯಾಕೆ ಆ ಏರು ಹತ್ತಬೇಕು, ಮುಚ್ಚಿಬಿಡಿ ಎಂದು ಮೇಲಿನವರು ಬಹಳ ದಿನದಿಂದ ಅನ್ನುತ್ತಿದ್ದರು. ಮುಚ್ಚಿದರೆ ಆ ಹೆಂಗಸರು ದಿನಾ ಎರಡು ಹೊತ್ತು ಕ್ಯಾನ್ ಹೊತ್ತು ನಾಲ್ಕು ಕಿಲೋಮೀಟರ್ ಇಳಿಯಬೇಕು.

೧. ಬೆಟ್ಟದ ಕಡೆ

ಅಲ್ಲಿ ಎಡ ಬಲ ಇಲ್ಲ. ಎಲ್ಲವೂ ಬೆಟ್ಟದ ಕಡೆ, ಇಲ್ಲವೇ ಬಯಲ ಕಡೆ. ನಾನು ಉತ್ತರ ಕರ್ನಾಟಕದ ವಿಜಯಪುರದವನು, ನಮ್ಮೂರಲ್ಲಿ ಎತ್ತ ನೋಡಿದರೂ ಬಯಲೇ. ಹಾಗಾಗಿ ಇದು ನನಗೆ ತಮಾಷೆ.

ಡೈರಿಯ ಸೆಕ್ರೆಟರಿಯಮ್ಮ ಒಮ್ಮೆ ಮೀಟಿಂಗಿಗೆಂದು ಯಲಹಂಕಕ್ಕೆ ಬಂದವರು ನಮ್ಮನೆಗೆ ಊಟಕ್ಕೆ ಬಂದರು. ನನ್ನ ಹೆಂಡತಿ ಬಡಿಸುತ್ತಿದ್ದಳು.

"ತಾಯಿ, ಆ ಬೆಟ್ಟದ ಕಡೆ ಪಲ್ಯ ಒಸಿ ಆಕವ್ವ."

ಹೆಂಡತಿ ಎಲೆಯ ಮೇಲೆ ಬೆಟ್ಟ ಹುಡುಕಿದಳು. "ಯಲಹಂಕದಾಗ ಬೆಟ್ಟ ಎಲ್ಲೈತ್ರಿ?"

ಸೆಕ್ರೆಟರಿಯಮ್ಮ ಅನ್ನ ಕಲಸುತ್ತಲೇ ಗ್ಯಾಸ್ ಸಿಲಿಂಡರ್ ಕಡೆ ಗಲ್ಲ ಎತ್ತಿ ತೋರಿಸಿದರು. ಫೋನಿನ ದಿಕ್ಸೂಚಿ ತೆಗೆದು ನೋಡಿದೆ, ಸರಿಯಾಗಿ ಉತ್ತರ, ನಂದಿ ಬೆಟ್ಟದ ದಿಕ್ಕೇ!

"ಅಲ್ಲೇ ಐತಲ್ಲವ್ವ. ನೀವು ಗೋಡೆ ಅಡ್ಡ ಕಟ್ಕಂಡ್ರೆ ಬೆಟ್ಟ ಏನ್ ಮಾಡ್ತೈತೆ?"

೨. ಗಡಿಯಾರ

ಬೆಟ್ಟದ ನೆರಳು ಹುಣಸೆಮರ ಮುಟ್ಟಿದರೆ ಸಂಜೆಯ ಡೈರಿ ಬಾಗಿಲು ತೆಗೆಯುತ್ತಾರೆ. ಇದು ಶಿಸ್ತಲ್ಲ ಎಂದು ನಾನೇ ಒಂದು ಗಡಿಯಾರ ತಂದು ಗೋಡೆಗೆ ಹಾಕಿದೆ. ಮುಂದಿನ ತಿಂಗಳು ಹೋದರೆ ಅದು ನಿಂತಿತ್ತು. ಯಾರೂ ಗಮನಿಸಿರಲಿಲ್ಲ.

ಕ್ಯೂನಲ್ಲಿದ್ದ ಅಜ್ಜಿಗೆ ತಿಳಿಹೇಳಿದೆ, "ಅಜ್ಜಿ, ಚಳಿಗಾಲದಲ್ಲಿ ನೆರಳು ಬೇಗ ಬರುತ್ತೆ. ಟೈಮ್ ತಪ್ಪುತ್ತಲ್ವಾ?"

"ಅಸೂನೂ ಬೇಗ ಮನೇಗ್ ಬತ್ತೈತೆ ಕಣಪ್ಪ. ಅದ್ರತ್ರಾನೂ ಗಡಿಯಾರ ಇಲ್ಲ."

೩. ಹದಿನಾಲ್ಕು ಲೋಟ

ಕೊನೆಗೆ ದೊಡ್ಡ ಸಾಹೇಬರೇ ಬರುವುದೆಂದಾಯಿತು. ಬೆಳಗಿನ ಹಾಲು ಎರಡು ಕ್ಯಾನ್ ತುಂಬದಿದ್ದರೆ ಅವತ್ತೇ ಬೀಗ ಎಂದು ಮೊದಲೇ ಹೇಳಿ ಕಳಿಸಿದ್ದರು.

ಬಂದವರೇ, ಮನೆಮನೆಯ ಹಸು ನೋಡಬೇಕು ಎಂದರು. ಆ ಊರಲ್ಲಿ ಜಗಲಿಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದಿಲ್ಲ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬೇಡವೆಂದರೆ ವರ್ಷಗಟ್ಟಲೆ ಮುನಿಸು. ಇದನ್ನು ನಾನು ಸಾಹೇಬರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಮೊದಲ ಮನೆಯಲ್ಲಿ ಬೆಲ್ಲ ಹಾಕಿದ ಬಿಸಿ ಹಾಲು, ದೊಡ್ಡ ಲೋಟ. ಸಾಹೇಬರು ಚಪ್ಪರಿಸಿ ಕುಡಿದರು. ಎರಡನೆಯದರಲ್ಲಿ, "ಬೇಡಮ್ಮ, ಈಗ ತಾನೇ ಆಯ್ತು."

"ಅವ್ರ ಮನೇದು ಕುಡುದ್ರಿ. ನಮ್ ಅಸು ಏನ್ ತಪ್ ಮಾಡ್ತು ಸಾ?"

ಕುಡಿದರು. ಏಳನೇ ಮನೆಯಲ್ಲಿ ಬೆಲ್ಟ್ ಸಡಿಲವಾಯಿತು. ಹನ್ನೊಂದನೆಯದರಲ್ಲಿ ಸಾಹೇಬರ ಡ್ರೈವರ್ ನನ್ನ ಭುಜ ಹಿಡಿದುಕೊಂಡ. ಅವನಿಗೂ ನನಗೂ ರಿಯಾಯಿತಿ ಇರಲಿಲ್ಲ. ಕ್ಯಾನ್ ತುಂಬದಿದ್ದರೆ ಬೀಗ ಎಂದು ಗೊತ್ತಿದ್ದೂ ಆ ಹೆಂಗಸರು ಒಂದೇ ಒಂದು ಲೋಟವನ್ನೂ ಅರ್ಧಕ್ಕೆ ನಿಲ್ಲಿಸಲಿಲ್ಲ. ನನಗೆ ಹೊಟ್ಟೆಯ ಜೊತೆ ಎದೆಯೂ ತುಂಬಿ ಬಂತು.

ಹಾಲು ಅಳೆದಾಯಿತು. ಎರಡನೇ ಕ್ಯಾನ್ ನಾಲ್ಕು ಬೆರಳು ಕಮ್ಮಿ.

ಕಲ್ಲಿನ ಮೇಲೆ ಕೂತಿದ್ದ ಸಾಹೇಬರು ಕಷ್ಟಪಟ್ಟು ಬಾಯಿ ತೆರೆದರು. "ನೋಡೀಮ್ಮ, ತುಂಬ್ಲಿಲ್ಲ."

ಸೆಕ್ರೆಟರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ವಿನಯದಿಂದಲೇ ಹೇಳಿದರು, "ಒಪ್ಕಂತೀನಿ ಸಾ. ಮಿಕ್ಕಿದ್ದು ನಿಮ್ಮೊಳ್ಗೇ ಐತೆ. ಅದ್ನೂ ಸೇರಿಸಿ ಬರ್ಕಳಿ."

ಸಾಹೇಬರು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು. ಹಾಗೇ ಹಿಡಿದುಕೊಂಡು ಬರೆದರು: ಎರಡು ಕ್ಯಾನ್, ಭರ್ತಿ.

ವ್ಯಾನ್ ಇವತ್ತಿಗೂ ದಿನಾ ಎರಡು ಸಲ ಆ ಏರು ಹತ್ತುತ್ತದೆ. ಸಾಹೇಬರು ಮಾತ್ರ ಮತ್ತೆ ಹತ್ತಲಿಲ್ಲ.