ಲಾಭ ಯಾರಿಗೆ, ಕಿಟಕಿ ಸೀಟು ಯಾರಿಗೆ?

ಮುಂಬಯಿಯಲ್ಲಿ ಯಾರಾದರೂ ಪುಢಾರಿಯ ಕೊಲೆಯಾಗಿ ಕೊಲೆಗಾರ ಸಿಗದೇ ಹೋದರೆ, ಆ ಕೇಸು ಪೊಲೀಸರ ಕೈಯಿಂದ ನೇರವಾಗಿ ನಮ್ಮ ಬೆಳಗಿನ ಬೊರಿವಲಿ ಲೋಕಲ್ ರೈಲಿಗೆ ಬರುತ್ತದೆ. ಬೊರಿವಲಿಯಿಂದ ದಾದರ್‌ವರೆಗಿನ ದಾರಿಯಲ್ಲಿ ನಾವು ತೀರ್ಪು ಕೊಟ್ಟಷ್ಟು ಕೊಲೆಗಳಿಗೆ ಯಾವ ಕೋರ್ಟೂ ಕೊಟ್ಟಿರಲಾರದು. ಒಂದು ಕೇಸಿನಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋಟೆಲಿನವರ ಸೂತ್ರ

ನಮ್ಮದು ಮೂವರ ಗುಂಪು. ನಾನು ಮೈಸೂರು ಕಡೆಯವನು, ಪರೇಲಿನ ಒಂದು ಆಫೀಸಿನಲ್ಲಿ ನಕ್ಷೆ ಬರೆಯುವವನು. ಇನ್ನೊಬ್ಬರು ಉಡುಪಿ ಕಡೆಯ ಹೋಟೆಲ್ ಮ್ಯಾನೇಜರು. ಮೂರನೆಯವರು ವಯಸ್ಸಾದ ಒಬ್ಬ ಮೌನಿ. ಗಾಳಿ ಎದುರಿಗೆ ಬರುವ ಕಿಟಕಿ ಸೀಟು ಅವರದ್ದಾಗಿದ್ದರಿಂದ ನಮಗೆ ಅವರು ‘ಕಿಟಕಿಯವರು’. ಆ ಸೀಟು ಹಿರಿಯರಿಗೇ ಸೇರಬೇಕೆನ್ನುವುದು ಗುಂಪಿನ ಕಾನೂನು. ಅವರು ರಿಟೈರ್ ಆದ ಮೇಲಷ್ಟೇ ಮುಂದಿನವರಿಗೆ. ಮುಂದಿನವನು ನಾನು.

ಕೆಲವು ವರ್ಷಗಳ ಹಿಂದೆ ನಮ್ಮ ಬೊರಿವಲಿಯ ನಗರಸೇವಕನೊಬ್ಬನನ್ನು, ಅಂದರೆ ಕಾರ್ಪೊರೇಟರನನ್ನು, ಅವನ ಆಫೀಸಿನಲ್ಲೇ ಗುಂಡಿಕ್ಕಿ ಕೊಂದಿದ್ದರು. ಯಾರೂ ಸಿಕ್ಕಿರಲಿಲ್ಲ. ಹೋಟೆಲಿನವರು ಸೂತ್ರ ಹೇಳಿಕೊಟ್ಟರು: "ಕೈ ಯಾರದ್ದು ಅಂತ ಹುಡುಕುದಲ್ಲ ಮಾರಾಯ್ರೆ. ಲಾಭ ಯಾರಿಗಾಯ್ತು ನೋಡಿ, ಕೇಸು ಅಲ್ಲಿಗೇ ಫಿನಿಶ್!"

ಸೂತ್ರ ಹಿಡಿದು ಹೊರಟೆವು. ಚುನಾವಣೆಯಲ್ಲಿ ಸೋತಿದ್ದ ಎದುರಾಳಿಗೆ ಲಾಭ. ಅವನ ಜಾಗಕ್ಕೆ ಪಾರ್ಟಿ ಟಿಕೆಟ್ ಸಿಕ್ಕ ಹೆಂಡತಿಗೆ ಲಾಭ. ಹಳೇ ಚಾಳ್ ವಠಾರ ಕೆಡವಲು ಕಾಯುತ್ತಿದ್ದ ಬಿಲ್ಡರನಿಗೂ ಲಾಭ. ಒಂದು ವಾರದೊಳಗೆ ಆರೋಪಿಗಳು ನಮ್ಮ ಡಬ್ಬಿಯ ಪ್ರಯಾಣಿಕರಿಗಿಂತ ಹೆಚ್ಚಾದರು. ಕೊನೆಗೆ ಹೋಟೆಲಿನವರು ಬ್ಯಾನರ್ ಅಂಗಡಿಯವನನ್ನು ಹಿಡಿದರು. "ಬರ್ತ್‌ಡೇಗೆ ಮೂರು ಬ್ಯಾನರ್ ಹಾಕ್ತಿದ್ದ ಜನ, ಸತ್ತ ಮೇಲೆ ಸ್ಟೇಷನ್ನಿಂದ ಹೈವೇವರೆಗೆ ಶ್ರದ್ಧಾಂಜಲಿ ಹಾಕಿದ್ರಲ್ಲ! ಪ್ರತಿಯೊಂದರ ಕೆಳಗೂ ಅಂಗಡಿಯ ಫೋನ್ ನಂಬರ್ ಉಂಟು. ಯಾವ ಕೊಲೆಗಾರ ಇಷ್ಟು ಧೈರ್ಯವಾಗಿ ನಂಬರ್ ಬಿಟ್ಟು ಹೋಗ್ತಾನೆ ಹೇಳಿ?"

ಕಿಟಕಿಯವರನ್ನು ನಾನು ಕೇಳಿದೆ, "ನಿಮಗೇನನ್ನಿಸುತ್ತೆ ಸಾರ್?"

ಅವರು ಹೊರಗೆ ನೋಡುತ್ತ ಅಂದರು, "ಗಾಳಿ ಜೋರಾಗಿದೆ. ಶಟರ್ ಇಳಿಸಲಾ?"

ಸಿಐಡಿ ಬಂದದ್ದು

ಆಮೇಲೊಂದು ಸೋಮವಾರ ಹೊಸ ಮನುಷ್ಯನೊಬ್ಬ ನಮ್ಮ ಎರಡು ಬೆಂಚುಗಳ ನಡುವೆ ಬಂದು ನಿಂತ. ಗಟ್ಟಿ ಮೈ, ಗಿಡ್ಡಕ್ಕೆ ಕತ್ತರಿಸಿದ ಕೂದಲು, ಕೈಯಲ್ಲಿ ಮೊಬೈಲಿಲ್ಲ. ಲೋಕಲಿನಲ್ಲಿ ಮೊಬೈಲ್ ನೋಡದೆ ನಿಲ್ಲುವ ಮನುಷ್ಯನೆಂದರೆ ಅನುಮಾನ ಬರಲೇಬೇಕು. ಅವನು ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದ. ಮಂಗಳವಾರವೂ ಬಂದ.

ಹೋಟೆಲಿನವರು ನನ್ನ ಕಿವಿಯಲ್ಲಿ ಹೇಳಿದರು, "ಸಿಐಡಿ. ಇನ್ನು ಬಾಯಿ ಬಿಡಬೇಡಿ."

ಬುಧವಾರ ನಾವು ಕೊಲೆಯ ಸುದ್ದಿಯನ್ನೇ ಎತ್ತಲಿಲ್ಲ. ಮುಂಬಯಿ ಪೊಲೀಸರ ಜಾಣತನ, ಶಿಸ್ತು, ಸಮವಸ್ತ್ರದ ಇಸ್ತ್ರಿ, ಎಲ್ಲವನ್ನೂ ಹೊಗಳಿದೆವು. ಹೋಟೆಲಿನವರಂತೂ ತಮ್ಮಲ್ಲಿ ಇಡ್ಲಿ ತಿಂದ ಹವಾಲ್ದಾರನೊಬ್ಬನ ಸಂಭಾವಿತತನವನ್ನು ಕಾಂದಿವಲಿಯಿಂದ ಜೋಗೇಶ್ವರಿಯವರೆಗೆ ವರ್ಣಿಸಿದರು.

ಅಂಧೇರಿ ಹತ್ತಿರವಾದಾಗ ಆ ಮನುಷ್ಯ ಬಗ್ಗಿ, ಅಚ್ಚ ಕನ್ನಡದಲ್ಲಿ ಬಾಯಿ ಬಿಟ್ಟ. "ನಾ ರಾಯಚೂರು ಕಡ್ಯಾಂವ ರೀ. ಮೂರು ದಿನ ಆತು ನಿಮ್ಮ ಮಾತು ಕೇಳಕ್ಹತ್ತಿ. ಕೊಲೆ ಯಾರು ಮಾಡ್ಯಾರ, ಯಾಕ ಮಾಡ್ಯಾರ, ಎಲ್ಲಾ ಗೊತ್ತಾತು. ನಿಮ್ಮೊಳಗ ಅಂಧೇರಿಗೆ ಇಳಿಯೋರು ಯಾರು ಅನ್ನೋದೊಂದೇ ಗೊತ್ತಾಗಲಿಲ್ಲ ನೋಡ್ರಿ. ಕಾಲು ನೋಯಾಕ್ಹತ್ಯಾವ!"

ಯಾರೂ ಇಳಿಯುವವರಿರಲಿಲ್ಲ. ಆದರೂ ಒತ್ತಿಕೊಂಡು ನಾಲ್ಕನೇ ಸೀಟು ಮಾಡಿಕೊಟ್ಟೆವು. ಪೊಲೀಸರ ಬಗ್ಗೆ ಆಡಿದ್ದನ್ನೆಲ್ಲ ಆ ದಿನವೇ ವಾಪಸು ತೆಗೆದುಕೊಂಡೆವು.

ದಸರಾದ ತೀರ್ಪು

ದಸರಾದ ಮುನ್ನಾದಿನ ಲೋಕಲಿನ ಡಬ್ಬಿಗೆ ಪೂಜೆ ಮಾಡುವುದು ಇಲ್ಲಿನ ಪದ್ಧತಿ. ಚೆಂಡುಹೂವಿನ ಹಾರ, ಹಿಡಿಕೆಗಳಿಗೆಲ್ಲ ಬಣ್ಣದ ಕಾಗದ, ಎಲ್ಲರ ಕೈಗೂ ಲಾಡು. ಆ ಗದ್ದಲದಲ್ಲಿ ನನಗೆ ಉಮೇದು ಬಂತು. ಹಿಂದಿನ ದಿನ ಯಾರೋ ಹೇಳಿದ ಗಾಳಿಸುದ್ದಿಯೊಂದನ್ನು ಹಿಡಿದು ಎದ್ದು ನಿಂತು ತೀರ್ಪು ಕೊಟ್ಟೆ.

"ಆ ನಗರಸೇವಕನ ಆಫೀಸಿನಲ್ಲಿ ಒಬ್ಬ ಗುಮಾಸ್ತನಿದ್ದ. ಇಡೀ ದಿನ ಪಕ್ಕದಲ್ಲೇ ಕೂತಿರುತ್ತಿದ್ದವನು ಗುಂಡು ಹಾರುವ ಹೊತ್ತಿಗೆ ಸರಿಯಾಗಿ ಚಹಾಕ್ಕೆ ಹೋಗಿದ್ದ! ಈಗ ಪವಾಯಿಯಂಥ ದುಬಾರಿ ಜಾಗದಲ್ಲಿ ಫ್ಲ್ಯಾಟ್ ಅಂತೆ. ಇನ್ನು ಯಾಕೆ ಹುಡುಕಬೇಕು?"

ಡಬ್ಬಿಯಲ್ಲಿ ಚಪ್ಪಾಳೆ ಬಿತ್ತು. ರಾಯಚೂರಿನವರು "ಭಾಳ ಬರೋಬರಿ ಹೇಳಿದ್ರಿ!" ಎಂದು ನನ್ನ ಬೆನ್ನು ತಟ್ಟಿದರು.

ಕಿಟಕಿಯವರು ಲಾಡನ್ನು ಕಾಗದದಲ್ಲಿ ಹಾಗೇ ಸುತ್ತಿ ಮಡಿಲಲ್ಲಿಟ್ಟುಕೊಂಡರು.

"ಚಹಾಕ್ಕಲ್ಲ," ಅಂದರು. "ಸಾಹೇಬರಿಗೆ ಬಿಪಿ ಇತ್ತು. ಮಾತ್ರೆ ತರೋಕೆ ಮೆಡಿಕಲ್‌ಗೆ ಹೋಗಿದ್ದೆ. ಫ್ಲ್ಯಾಟ್ ಪವಾಯಿಯಲ್ಲೂ ಇಲ್ಲ, ಎಲ್ಲೂ ಇಲ್ಲ. ಬೊರಿವಲಿಯಲ್ಲಿ ಬಾಡಿಗೆ ಮನೆ, ಅದಾದ ಮೇಲೆ ದಾದರಿನಲ್ಲಿ ಕೆಲಸ. ಮಾತ್ರೆ ಮಾತ್ರ ಇನ್ನೂ ನನ್ನ ಹತ್ತಿರಾನೇ ಇದೆ."

ನಾನು ನಿಂತೇ ಇದ್ದೆ, ಕೂರುವುದಕ್ಕೂ ಧೈರ್ಯವಾಗಲಿಲ್ಲ. "ಸಾರ್, ಇಷ್ಟು ದಿನ ಒಂದು ಮಾತೂ ಹೇಳಲಿಲ್ಲವಲ್ಲ" ಅಂದೆ, ತಪ್ಪು ಅವರದ್ದೇ ಅನ್ನುವ ಹಾಗೆ.

"ನೀವು ಇಷ್ಟು ಜನ ದಿನಾ ಯೋಚನೆ ಮಾಡ್ತೀರಿ. ಯಾರಿಗಾದರೂ ನಿಜವಾಗಿ ಹೊಳೀಬಹುದು ಅಂತ ಕೇಳ್ತಾ ಕೂತಿದ್ದೆ."

ದಾದರ್ ಬಂತು. ಅವರು ಲಾಡನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ಹಬ್ಬದ ನಮಸ್ಕಾರ ಹೇಳಿ ಇಳಿದು ಹೋದರು.

ಕೊನೆಯ ಕೇಸು

ರಜೆ ಮುಗಿದ ಮೇಲೆ ಕಿಟಕಿಯವರು ಬರಲಿಲ್ಲ. ಅವರ ಸೀಟಿನ ಮೇಲೆ ನನ್ನ ಕರವಸ್ತ್ರ ಹಾಕಿ ಎರಡು ವಾರ ಕಾಯ್ದಿಟ್ಟೆ. ಅದರಿಂದಾಗಿ ಅರ್ಧ ಡಬ್ಬಿಯ ಜೊತೆ ಜಗಳವಾಯಿತು. ಅವರ ಹೆಸರು ಗೊತ್ತಿದ್ದರೆ ಮನೆ ಹುಡುಕಬಹುದಿತ್ತು. ಅಷ್ಟು ವರ್ಷ ಮಂಡಿಗೆ ಮಂಡಿ ತಾಗಿಸಿ ಕೂತರೂ ನಾವು ಕೊಲೆಗಾರನ ಹೆಸರು ಹುಡುಕಿದೆವೇ ಹೊರತು ಪಕ್ಕದವರ ಹೆಸರು ಕೇಳಿರಲಿಲ್ಲ.

ಒಂದು ದಿನ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕಂಡರು. ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲಿಗೆ ಕಾಯುತ್ತಿದ್ದರು. ನಾನು ಸೇತುವೆ ಹತ್ತಿ ಓಡಿದೆ. ಇಳಿಯುವಷ್ಟರಲ್ಲಿ ಗಾಡಿ ಹೊರಟಿತ್ತು. ಅವರು ಬಾಗಿಲಿನಲ್ಲಿ, ಜನರ ನಡುವೆ, ನಿಂತುಕೊಂಡು ಹೋಗುತ್ತಿದ್ದರು. ಕ್ಷಮಿಸಿ ಅನ್ನುವ ಮಾತನ್ನು ಇವತ್ತಿಗೂ ಹೇಳಲಾಗಿಲ್ಲ.

ಮೂರನೇ ವಾರ ಹೋಟೆಲಿನವರು ಕರವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟರು. "ಕಾನೂನು ಕಾನೂನೇ ಮಾರಾಯ್ರೆ. ನಿಮ್ಮ ಸರದಿ, ಕೂತುಕೊಳ್ಳಿ." ಕೂತೆ. ಎದುರು ಗಾಳಿ ಮುಖಕ್ಕೆ ಹೊಡೆಯಿತು. ವರ್ಷಗಟ್ಟಲೆ ಆಸೆಪಟ್ಟ ಗಾಳಿ ಅದು.

ರಾಯಚೂರಿನವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಲಿತ ಪಾಠವನ್ನು ಒಪ್ಪಿಸಿದರು ಅಷ್ಟೇ.

"ಅಲ್ರೀ, ಆ ಹಿರ್ಯಾರು ಹೋಗಿದ್ದರಿಂದ ಲಾಭ ಯಾರಿಗಾತು ಅಂತ ನೋಡಿದ್ರ..."

ಇಡೀ ಬೆಂಚು ನನ್ನ ಕಡೆ ತಿರುಗಿತು. ನಾನು ಹೊರಗೆ ನೋಡುತ್ತ ಅಂದೆ, "ಗಾಳಿ ಜೋರಾಗಿದೆ. ಶಟರ್ ಇಳಿಸಲಾ?"