ಮಹದೇವನ ಪಾಲಿನ ಒಬ್ಬಟ್ಟು

ಎಲ್ಲಕ್ಕೂ ಕಾರಣ ಬೆಲ್ಟಿನ ಒಂದು ತೂತು. ಅಂಗಡಿಯಿಂದ ಬಂದಾಗ ಇದ್ದ ಐದು ತೂತುಗಳೂ ಮುಗಿದು, ಆ ಭಾನುವಾರ ಬೆಳಿಗ್ಗೆ ಮಹದೇವ್ ಮೊಳೆ ಕಾಯಿಸಿ ಆರನೆಯದನ್ನು ತಾನೇ ಕೊರೆದ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತ. ಹದಿನಾಲ್ಕು ತಿಂಗಳಲ್ಲಿ ಹದಿನಾಲ್ಕು ಕೆ.ಜಿ.! ಹೊಟ್ಟೆ ಇದ್ದ ಜಾಗದಲ್ಲಿ ಈಗ ಬರೀ ಅಂಗಿ ಇತ್ತು.

ಉಪವಾಸ ಮಾಡಿದವನಲ್ಲ, ಡಬ್ಬಿಯ ಪುಡಿ ಕಲಸಿ ಕುಡಿದವನಲ್ಲ. ಸಾಯುವ ತನಕ ಉಣ್ಣಲು ಆಗುವಂಥ ಊಟವನ್ನೇ ಉಣ್ಣಬೇಕು ಎಂಬುದು ಅವನ ಪಟ್ಟು. ಎರಡು ಮುದ್ದೆಯ ಜಾಗದಲ್ಲಿ ಒಂದು, ಅನ್ನಕ್ಕಿಂತ ಹೆಚ್ಚು ಪಲ್ಯ, ದಿನಾ ಮಲ್ಲತ್ತಹಳ್ಳಿ ಕೆರೆಗೆ ಎರಡು ಸುತ್ತು. ಸಮಾರಂಭವಿದ್ದರೆ ಸಿಹಿ ಒಂದು, ಒಂದೇ ಒಂದು. ಅವತ್ತು ಪಕ್ಕದ ರಸ್ತೆಯ ಕೃಷ್ಣಪ್ಪನವರ ಗೃಹಪ್ರವೇಶ. ಅಲ್ಲಿ ತನಗೆ ಸಲ್ಲಬೇಕಾದ ಒಬ್ಬಟ್ಟಿಗಾಗಿ ಅವನು ಮೂರು ವಾರದಿಂದ ಕಾದಿದ್ದ. "ಹೆಂಗ್ರೀ ಇಳಿಸಿದ್ರಿ?" ಎಂದು ಯಾರಾದರೂ ಕೇಳಲಿ ಎಂದು ಅದಕ್ಕಿಂತಲೂ ಹೆಚ್ಚಾಗಿ ಕಾದಿದ್ದ. ಉತ್ತರ ಬಾಯಿಪಾಠವಾಗಿತ್ತು. ಅಷ್ಟೂ ತಿಂಗಳು ಹದವರಿತು ಅಡುಗೆ ಮಾಡಿ ಹಾಕಿದ ಹೆಂಡತಿ ಕಲಾಳ ಹೆಸರೂ ಅದರಲ್ಲಿ ಎರಡು ಸಲ ಬರುತ್ತಿತ್ತು.

ಗೇಟು ದಾಟುತ್ತಲೇ ಎದುರುಮನೆಯ ನೀಲಮ್ಮ ಹಿಡಿದರು.

"ಏನಪ್ಪಾ ಮಹದೇವ, ಹಿಂಗಾಗೋಗಿದೀಯಾ! ಶುಗರ್ರಾ?"

"ಶುಗರ್ ಏನಿಲ್ಲ ನೀಲಮ್ಮೋರೇ, ಊಟದಲ್ಲೇ ಸ್ವಲ್ಪ..."

"ಮುಚ್ಚಿಡಬಾರ್ದು ಕಣಪ್ಪಾ. ನಮ್ಮ ಯಜಮಾನ್ರೂ ಮೊದಮೊದಲು ಹಂಗೇ ಅಂತಿದ್ರು."

ದಂಪತಿ ಉಡುಗೊರೆ ಕೊಂಡು ಬರುವಷ್ಟರಲ್ಲಿ ಶುಗರಿನ ಸುದ್ದಿ ಗೃಹಪ್ರವೇಶದ ಮನೆ ತಲುಪಿತ್ತು. ಕೃಷ್ಣಪ್ಪ ಮಹದೇವನ ಹೆಗಲ ಮೇಲೆ ಕೈಹಾಕಿ ಮೂಲೆಗೆ ಕರೆದೊಯ್ದರು.

"ಧೈರ್ಯವಾಗಿರಪ್ಪ. ನಂಗೂ ಇದೆ, ಹದಿನೆಂಟು ವರ್ಷ ಆಯ್ತು. ಮನೆ ಕಟ್ಟಿಲ್ವಾ ನಾನು?"

ಅತ್ತ ಹೆಂಗಸರು ಕಲಾಳನ್ನು ಸುತ್ತುಗಟ್ಟಿ, "ಗಂಡನಿಗೆ ಹೊಟ್ಟೆ ತುಂಬ ಹಾಕ್ತೀಯೇನಮ್ಮ?" ಎಂದು ವಿಚಾರಿಸುತ್ತಿದ್ದರು. ಊಟಕ್ಕೆ ಕೂರುವಾಗ ಅವಳ ಮುಖ ಕೆಂಪಾಗಿತ್ತು.

"ಅವರಿಗೆಲ್ಲ ಸರಿಯಾಗಿ ಹೇಳಿ. ಇಲ್ಲಾಂದ್ರೆ ನಾಳೆಯಿಂದ ನೀವೇ ಬೇಯಿಸ್ಕೊಳ್ಳಿ," ಎಂದಳು.

ಎಲೆಗೆ ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು. ತುಪ್ಪದ ಘಮದ ಹಿಂದೆ ಒಬ್ಬಟ್ಟಿನ ತಟ್ಟೆಯೂ ಬಂತು. ಮಹದೇವ್ ಬೆನ್ನು ನೆಟ್ಟಗೆ ಮಾಡಿ ಕುಳಿತ.

"ಏಯ್, ಆ ಎಲೆಗೆ ಸಿಹಿ ಬೇಡ ಕಣೋ! ಅವ್ರಿಗೆ ಶುಗರ್ರು!" ಎಂದು ಕೃಷ್ಣಪ್ಪ ಬಾಗಿಲಿಂದಲೇ ಕೂಗಿದರು.

ಬಡಿಸುವವನು ಅಯ್ಯೋ ಪಾಪ ಎಂಬಂತೆ ನೋಡಿ ಪಕ್ಕದ ಎಲೆಗೆ ಹಾರಿದ. ಅದು ನೀಲಮ್ಮನದು. ಅವರಿಗೆ ಎರಡು ಬಿದ್ದವು.

ಮಹದೇವ್ ಎದ್ದು ನಿಂತ. "ರಮ್ಯಾ, ನಿಮ್ಮಪ್ಪನ ಶುಗರ್ ನೋಡೋ ಮಿಷನ್ ತಗೊಂಡ್ ಬಾಮ್ಮ!"

ಕೃಷ್ಣಪ್ಪನವರ ಮಗಳು ರಮ್ಯ ನರ್ಸು. ಮಿಷನ್ ತಂದು ಎಲ್ಲರೆದುರಿಗೇ ಅವನ ಬೆರಳು ಚುಚ್ಚಿದಳು. "ತೊಂಬತ್ನಾಲ್ಕು! ಅಂಕಲ್, ಫಸ್ಟ್ ಕ್ಲಾಸಾಗಿದೀರಾ. ಶುಗರೂ ಇಲ್ಲ, ಗಿಗರೂ ಇಲ್ಲ."

ಮಹದೇವ್ ಮಿಷನ್ ಎತ್ತಿ ಹಿಡಿದು ಬಾಯಿಪಾಠ ಒಪ್ಪಿಸಿದ. ಒಂದು ಮುದ್ದೆ, ಸೊಪ್ಪು, ಕೆರೆ, ಕಲಾ, ಮತ್ತೆ ಕಲಾ. ಪಂಕ್ತಿಗೆ ಪಂಕ್ತಿಯೇ ಅಗಿಯುವುದನ್ನು ನಿಲ್ಲಿಸಿ ಕೇಳಿತು. ಕಲಾ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು. ಜೀವಮಾನದಲ್ಲಿ ತನ್ನ ಮಾತನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಇದೇ ಮೊದಲೆಂದು ಮಹದೇವನ ಎದೆ ಉಬ್ಬಿಹೋಯಿತು.

"ಅಯ್ಯೋ ಶಿವನೇ!" ಎಂದರು ನೀಲಮ್ಮ. "ಶುಗರ್ ಇಲ್ದಿರೋ ಮಗೂನ ಹಿಂಗೆ ಬಾಡೋಕೆ ಬಿಟ್ವಲ್ಲ! ಹಾಕ್ರೋ ಒಬ್ಬಟ್ಟು!"

ಬೇಡ ಬೇಡ ಎನ್ನುವಷ್ಟರಲ್ಲಿ ಏಳು ಬಿದ್ದವು. ಮೇಲೆ ಸೌಟಿನಲ್ಲಿ ತುಪ್ಪ ಸುರಿಯಿತು. ಎಲೆಗೆ ಬಿದ್ದದ್ದನ್ನು ಬಿಟ್ಟು ಏಳುವುದು ಮಹದೇವನ ಮನೆತನದಲ್ಲೇ ಇರಲಿಲ್ಲ.

"ನಾಳೆಯಿಂದ ಬೆಳಿಗ್ಗೆ ತಿಂಡಿ ನಮ್ಮನೇದು," ಎಂದರು ನೀಲಮ್ಮ. "ರಾತ್ರಿ ಊಟ ನಮ್ದು," ಎಂದರು ಕೃಷ್ಣಪ್ಪ. "ಆ ಹದಿನಾಲ್ಕು ಕೆ.ಜಿ. ವಾಪಸ್ ತರೋ ಜವಾಬ್ದಾರಿ ನಮಗೆ ಬಿಡಪ್ಪ!"

ಮಹದೇವ್ ಎಲೆ ನೋಡಿದ. ಬೆಲ್ಟಿನ ಆರನೇ ತೂತು ಮುಟ್ಟಿ ನೋಡಿಕೊಂಡ. ಅವನಿಗೆ ಅಳುವೇ ಬಂತು.

"ಮಿಷನ್ ಸುಳ್ಳು ಹೇಳ್ತಾ ಇದೆ," ಎಂದ. "ನಂಗೆ ಶುಗರ್ ಇದೆ. ವರ್ಷದಿಂದ ಇದೆ."

ಕಲಾ ಮುಖ ತಿರುಗಿಸಿದಳು.

"ನಾನು ಬೆಳಿಗ್ಗೇನೇ ಹೇಳಲಿಲ್ವಾ?" ಎಂದು ನೀಲಮ್ಮ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಹೆಮ್ಮೆಯಿಂದ ನೋಡಿದರು. "ಎಲೆಗೆ ಕೈ ಹಾಕಿಲ್ಲ ತಾನೇ?" ಎನ್ನುತ್ತ ಅವನ ಒಬ್ಬಟ್ಟುಗಳನ್ನು ತಮ್ಮ ಎಲೆಗೆ ಸಾಗಿಸತೊಡಗಿದರು.

"ನೀಲಮ್ಮೋರೇ, ಒಂದು ಇರಲಿ. ಒಂದೇ ಒಂದು. ಅದು ನನ್ನ ಪಾಲಿಂದು."

"ಶುಗರ್ ಇಟ್ಕೊಂಡು ಒಬ್ಬಟ್ಟಾ? ಕಲಾ, ನೋಡ್ಕೊಳೇ ನಿನ್ನ ಗಂಡನ್ನ!"

ಏಳನೆಯದೂ ಹೋಯಿತು. ಬಡಿಸುವವನು ಬಂದು ಅವನ ಎಲೆಗೆ ಇನ್ನೊಂದು ಹಿಡಿ ಕೋಸಂಬರಿ ಹಾಕಿದ.