ಒಂದು ಕಾಲಾಳು ಹೆಚ್ಚಿದ್ದಾಗ

ಚೆಸ್ ಆಟದಲ್ಲಿ ಒಂದು ಕಾಲಾಳು ಹೆಚ್ಚು ಉಳಿದರೆ ಬೇರೆಯವರಿಗೆ ಧೈರ್ಯ ಬರುತ್ತದೆ. ನನಗೆ ಮಾತ್ರ ಬೆನ್ನಿನಲ್ಲಿ ಚಳಿ ಶುರುವಾಗುತ್ತದೆ. ಆಮೇಲೆ ಏನಾದರೊಂದು ನಡೆದೇ ತೀರುತ್ತದೆ. ಕುಂದಾಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಭಾನುವಾರ ಬಾಗಿಲು ಹಾಕಿ ಟೂರ್ನಮೆಂಟಿಗೆ ಹೋಗುತ್ತೇನೆ. ಎದುರಾಳಿಯ ಒಂದು ಕಾಯಿ ಹೊಡೆಯುವಷ್ಟು ಆಟ ಬರುತ್ತದೆ, ಹೊಡೆದ ಮೇಲೆ ಗೆಲ್ಲುವುದು ಹೇಗೆಂದು ಗೊತ್ತಿಲ್ಲ. ಮನೆಗೆ ಬಂದರೆ ಹೆಂಡತಿ ಗೆದ್ದಿರಾ, ಸೋತಿರಾ ಎಂದು ಕೇಳುವುದಿಲ್ಲ. "ಇವತ್ತೂ ಒಂದ್ ಹೆಚ್ಚಿದ್ದಿತ್ತಾ?" ಎನ್ನುತ್ತಾಳೆ, ಅಷ್ಟೇ.

೧. ರೆಪ್ಪೆ ಹೊಡೆಯದ ಮನುಷ್ಯ

ಕುಂದಾಪುರದ ಹೊಳೆ ಬದಿಯ ಹಳೇ ಸಭಾಭವನ. ನನ್ನೆದುರು ಕೂತವರು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಹಿರಿಯರು. ಬಿಳಿ ಶರ್ಟು, ಬೂದಿ ಬಣ್ಣದ ಮುಖ. ನನ್ನ ಹತ್ತಿರ ಒಂದು ಕಾಲಾಳು ಹೆಚ್ಚು. ಆಡುವ ಸರದಿ ಅವರದು.

ಅವರು ಆಡಲಿಲ್ಲ. ಹಲಗೆಯನ್ನೇ ನೋಡುತ್ತಿದ್ದರು. ಗಡಿಯಾರ ಓಡುತ್ತಿತ್ತು. ದಿನವೂ ಜನರ ಕಣ್ಣು ನೋಡುವವನು ನಾನು. ಮನುಷ್ಯ ಇಷ್ಟು ಹೊತ್ತು ರೆಪ್ಪೆ ಹೊಡೆಯದೆ ಇರಲಾರ ಎಂದು ಗೊತ್ತು. ಒಂದು ನೊಣ ಬಂದು ಅವರ ಮೂಗಿನ ಮೇಲೆ ಕೂತಿತು. ಅವರು ಅಲುಗಲಿಲ್ಲ. ನೊಣ ಹುಬ್ಬಿನವರೆಗೆ ನಡೆದುಹೋಯಿತು. ಆಗಲೂ ಅಲುಗಲಿಲ್ಲ.

ನಾನು ಎದ್ದು ಹೋಗಿ ತೀರ್ಪುಗಾರರ ಕಿವಿಯಲ್ಲಿ ಹೇಳಿದೆ: "ಹ್ವಾಯ್, ಅವ್ರಿಗೆ ಉಸ್ರ್ ಇತ್ತಾ ಒಂದ್ಚೂರ್ ಕಾಣಿ."

ತೀರ್ಪುಗಾರರು ತಲೆಯೆತ್ತದೆ, "ಅವ್ರ ಟೈಮ್ ನಡೀತಾ ಇತ್ತ್. ಮಾತಾಡ್ಸುಕಾಗ," ಎಂದರು.

ಮರಳಿ ಬಂದು ಕೂತೆ. ಮೇಜಿನ ಮೇಲಿದ್ದ ಅವರ ಬೆರಳುಗಳು ನೀಲಿಯಾದ ಹಾಗೆ ಕಂಡವು. ಎದುರಾಳಿಯ ಹತ್ತಿರ ಆಟದ ಮಧ್ಯೆ ಆಡಬಹುದಾದ ಮಾತು ನನಗೆ ಗೊತ್ತಿದ್ದದ್ದು ಒಂದೇ. ಬದುಕಿದ್ದಾರೋ ಇಲ್ಲವೋ ತಿಳಿದರೆ ಸಾಕೆಂದು ಮುಂದಕ್ಕೆ ಬಗ್ಗಿ, "ಡ್ರಾ...?" ಎಂದೆ.

ತಣ್ಣನೆಯ ಕೈಯೊಂದು ಚಾಚಿ ಬಂದು ನನ್ನ ಕೈ ಹಿಡಿಯಿತು. "ಒಪ್ದೆ!"

ಆಮೇಲೆ ಅವರೇ ಸಮಾಧಾನ ಹೇಳಿದರು: "ಹೆದ್ರ್ಕಂಡ್ರಿಯಾ? ಹೋಟ್ಲ್ ಗಲ್ಲಾಪೆಟ್ಟಿ ಎದ್ರ್ ಕೂತ್ ಕೂತ್ ಕಣ್ ಬಿಟ್ಕಂಡೇ ನಿದ್ರಿ ಮಾಡು ಅಭ್ಯಾಸ ನಂಗೆ. ಆದ್ರೆ ಲಾಭದ್ ಮಾತ್ ಬಂದ್ರೆ ಎಚ್ರ ಆತ್ತ್."

೨. ಕಾಣೆಯಾದ ಕಾಯಿ

ಬೈಂದೂರಿನ ಪಕ್ಕ ಯಡ್ತರೆಯಲ್ಲಿ ಒಂದು ಮಳೆಗಾಲದ ಟೂರ್ನಮೆಂಟು. ಮಧ್ಯಾಹ್ನವೇ ಆಕಾಶ ಮಸಿ ಬಳಿದ ಹಾಗೆ. ಎದುರಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು. ಇಲ್ಲಿಯೂ ನನಗೆ ಒಂದು ಕಾಲಾಳು ಹೆಚ್ಚು, ಸರದಿಯೂ ನನ್ನದು. ಅಷ್ಟರಲ್ಲಿ ಸಿಡಿಲು ಹೊಡೆದು ಕರೆಂಟು ಹೋಯಿತು. ಕಣ್ಣೆದುರಿನ ಹಲಗೆಯೂ ಕಾಣದಷ್ಟು ಕತ್ತಲೆ. ಯಾವುದೋ ಕಿಟಕಿ ತಾನಾಗಿ ತೆರೆದುಕೊಂಡು ಬಡಿಯತೊಡಗಿತು. ನನ್ನ ಕೊರಳ ಹಿಂದೆ ಯಾರೋ ಒದ್ದೆ ಉಸಿರು ಬಿಟ್ಟ ಹಾಗಾಯಿತು.

"ಯಾರದ್?" ಎಂದು ಅಕ್ಕ ಸಣ್ಣ ದನಿಯಲ್ಲಿ ಕೇಳಿದರು.

ಬೆಳಕು ಬಂದಾಗ ನೋಡಿದರೆ ನನ್ನ ಆ ಹೆಚ್ಚಿನ ಕಾಲಾಳು ಹಲಗೆಯ ಮೇಲಿಲ್ಲ! ಮೇಜಿನಡಿ ಹುಡುಕಿದರು, ಕುರ್ಚಿ ಎತ್ತಿ ನೋಡಿದರು. ಅಕ್ಕ ದೇವರಾಣೆ ಮುಟ್ಟಲಿಲ್ಲ ಎಂದರು. ಸುತ್ತ ನಿಂತವರೆಲ್ಲ ತೆರೆದ ಕಿಟಕಿಯ ಕಡೆ ನೋಡಿದರು. ಕೊನೆಗೆ ಅಕ್ಕನೇ ಕೇಳಿದರು: "ನಿಮ್ಮ್ ಬಲ್ದ್ ಕೈ ಎಂತಕೆ ಹಾಂಗ್ ಮುಚ್ಕಂಡಿತ್ತ್?"

ಬಿಡಿಸಿ ನೋಡಿದೆ. ಮುಷ್ಟಿಯೊಳಗೆ ಕಾಲಾಳು!

ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬುದು ಚೆಸ್ಸಿನ ನಿಯಮ. ಆ ಕಾಲಾಳು ಒಂದು ಮನೆ ಮುಂದೆ ಹೋದರೆ ಬಿಟ್ಟಿ ಬಲಿ. ತೀರ್ಪುಗಾರರು ಒಳ್ಳೆಯವರು, ದಾರಿ ತೋರಿಸಿದರು: "ಹೆದ್ರಿ ಹಿಡ್ಕಂಡದ್ದಾರೆ ಲೆಕ್ಕ ಇಲ್ಲೆ, ವಾಪಸ್ ಇಡಿ. ಹೆದ್ರಿ ಹಿಡ್ಕಂಡದ್ದಾ, ಆಡುಕಂದೇಳಿ ಹಿಡ್ಕಂಡದ್ದಾ?"

ಊರಿನ ಅರ್ಧ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಆಡುಕೇ," ಎಂದೆ.

ಸೋತೆ.

೩. ಬೀಗ ಹಾಕಿದ ಬಾಗಿಲು

ಬ್ರಹ್ಮಾವರದ ಆಟವನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ನನ್ನ ಕುರ್ಚಿ ಗೋಡೆಗೆ ತಾಗಿ, ಬೆನ್ನ ಹಿಂದೆ ಬೀಗ ಹಾಕಿದ ಹಳೇ ಬಾಗಿಲು. ಎದುರಾಳಿ ಸಾಸ್ತಾನದ ಮೇಷ್ಟ್ರು, ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಇಬ್ಬರಿಗೂ ಒಂದೊಂದು ಆನೆ, ನನಗೆ ಒಂದು ಕಾಲಾಳು ಹೆಚ್ಚು. ಯಾವತ್ತಿನ ಹಾಗೆ ಕಾಲಾಳನ್ನು ಓಡಿಸಿಬಿಡೋಣ ಎಂದು ಕೈ ಚಾಚಿದೆ.

"ನಿಧಾನ... ಅವಸ್ರ ಎಂತಕೆ?"

ಬಾಗಿಲ ಸಂದಿನಿಂದ ಬಂದ ಒಡಕು ದನಿ. ಕೈ ಹಿಂದೆಗೆದೆ. ಮೇಷ್ಟ್ರು ನನ್ನ ಹೆಗಲ ಮೇಲಿಂದ ಬಾಗಿಲನ್ನು ನೋಡಿದರು. ಅವರಿಗೂ ಕೇಳಿಸಿತ್ತು.

"ಮೊದ್ಲ್ ಆ ಮೂಲಿದ್ ಎಬ್ಸಿ."

ಹಲಗೆಯ ಮೂಲೆಯಲ್ಲಿ ನನ್ನ ಆನೆ ಸುಮ್ಮನೆ ಕೂತಿತ್ತು. ಎಬ್ಬಿಸಿ ಹೊರಗೆ ತಂದೆ. ಬೇರೆಯವರ ಸಲಹೆಯಂತೆ ಆಡುವುದು ನಿಯಮಕ್ಕೆ ವಿರುದ್ಧ, ನನಗೆ ಗೊತ್ತು. ಆದರೆ ಬದುಕಿಲ್ಲದವರ ಸಲಹೆಯ ಬಗ್ಗೆ ನಿಯಮದಲ್ಲಿ ಒಂದಕ್ಷರವೂ ಇಲ್ಲ.

"ನೀವ್ ಎಂತ ಹಿಂದ್ ನಿಂತದ್ದ್? ನಡೂಗ್ ಬನ್ನಿ!"

ಗದರಿದ ಹಾಗಿತ್ತು. ನನ್ನ ರಾಜ ಅಷ್ಟು ಹೊತ್ತೂ ಹಿಂದಿನ ಸಾಲಿನಲ್ಲಿ ಅಡಗಿದ್ದ. ಹೆಜ್ಜೆ ಹೆಜ್ಜೆಯಾಗಿ ಅವನನ್ನು ನಡುವಿಗೆ ನಡೆಸಿದೆ. ಮೇಷ್ಟ್ರ ಹಣೆಯಲ್ಲಿ ಬೆವರು. ಆಶ್ಚರ್ಯವೆಂದರೆ ಹಲಗೆ ನೋಡನೋಡುತ್ತ ನನ್ನದಾಗುತ್ತಿತ್ತು. ಅವರ ಆನೆಗೆ ಹೋಗಲು ಜಾಗವೇ ಉಳಿಯಲಿಲ್ಲ.

"ಹಾಂ, ಈಗ ದೂಡಿ!"

ಕಾಲಾಳನ್ನು ದೂಡಿದೆ.

"ಇನ್ನೂ ದೂಡಿ!"

ದೂಡಿದೆ. ಇನ್ನೊಂದೇ ಮನೆ, ಆಮೇಲೆ ಅದು ರಾಣಿ. ಅಷ್ಟರಲ್ಲಿ ಬಾಗಿಲ ಹಿಂದೆ ನೆಲ ನಡುಗುವಂಥ ಸದ್ದು, ಅದರ ಬೆನ್ನಿಗೆ ಒಂದು ಕೂಗು: "ಅಯ್ಯೋ! ಕಾಲ್ ಹೋಯ್ತ್!"

ಮೇಷ್ಟ್ರು ಎದ್ದು ನಿಂತು ಕೈ ಕೊಟ್ಟರು. "ಸೋತೆ ಮಾರಾಯ್ರೆ. ನೀವ್ ಒಬ್ರೇ ಆಡುದಾರೆ ನಾನ್ ಇನ್ನೊಂಚೂರ್ ಕಾಣ್ತಿದ್ದೆ."

ತೀರ್ಪುಗಾರರು ಓಡಿಬಂದು ಬೀಗ ತೆಗೆಸಿದರು. ಒಳಗೆ ಒಂದು ದೊಡ್ಡ ಕಬ್ಬಿಣದ ಕಪಾಟು ಓರೆಯಾಗಿ ಬಿದ್ದಿತ್ತು, ಅದರ ಒಂದು ಕಾಲು ಮುರಿದಿತ್ತು. ಸುತ್ತ ಬೆವರು ಒರೆಸುತ್ತ ನಿಂತಿದ್ದ ಮೂವರು ಕೆಲಸದವರು ಅದನ್ನು ಸಾಗಿಸಲು ಹಿಂಬಾಗಿಲಿನಿಂದ ಒಳಗೆ ಬಂದಿದ್ದರಂತೆ. ಅವರಲ್ಲಿ ಹಿರಿಯನಾದ ಮೇಸ್ತ್ರಿ ಗಾಬರಿಯಿಂದ ನನ್ನ ಮುಖ ನೋಡಿ, "ನಮ್ಮ್ ಗಲಾಟಿಯಿಂದ ನಿಮ್ಮ್ ಆಟ ಹಾಳಾಯ್ತಾ ಒಡೇರೆ? ಮುಗೀತ್, ಇನ್ ಸದ್ದ್ ಮಾಡುದಿಲ್ಲ," ಎಂದ. ಅದೇ ಒಡಕು ದನಿ!

ನಾನು ಅವನ ಎರಡೂ ಕೈ ಹಿಡಿದುಕೊಂಡೆ.

"ಮುಗೀತ್ ಅಂದ್ರೆ ಹ್ಯಾಂಗೆ ಮಾರಾಯ್ರೆ? ನಂಗಿನ್ನೂ ಎರಡ್ ಸುತ್ತ್ ಬಾಕಿ ಇತ್ತ್. ಇನ್ನೊಂದ್ ಕಪಾಟ್ ಇಲ್ಯಾ?"